ಅಜ್ಞಾತ ಮೃತರೂ ಹವ್ಯಾಸಿ ಶೋಧಕರೂ



ಸಾಹಿತ್ಯವನ್ನೂ ಇತಿಹಾಸವನ್ನೂ ಕುರಿತ ಮಾತುಗಳನ್ನು ಕೇಳಿ ರೂಢಿಯಾದ ಸಭೆಯ ಮುಂದೆ ಗುರುತು ತಿಳಿಯದ ಶವಗಳ ವಿಷಯವನ್ನೆತ್ತುವುದು ಅಮಂಗಳವೆಂದು ಕೆಲವರಿಗಾದರೂ ತೋರಬಹುದು. ಆದರೆ ನಮ್ಮ ಮಹಾಕಾವ್ಯಕ್ಕೆ ಅದು ಹಾಗೆ ತೋರಲಿಲ್ಲ. ಭಾರತಯುದ್ಧವು ಮುಗಿದ ಮೇಲೆ ನಡೆದುದನ್ನು ಹೇಳುವ ಸ್ತ್ರೀಪರ್ವವನ್ನು ನಾವು ಸಾಮಾನ್ಯವಾಗಿ ಗಾಂಧಾರಿಯ ವಿಲಾಪಕ್ಕಾಗಿ ನೆನೆಯುತ್ತೇವೆ. ಅದರ ಕೊನೆಯಲ್ಲಿ ಬರುವ ಎರಡು ಸಂಗತಿಗಳ ಕಡೆಗೆ ಗಮನ ಹರಿಯುವುದು ಕಡಮೆ. ಒಂದು, ಧರ್ಮರಾಯನು ವಿದುರ ಸಂಜಯ ಮೊದಲಾದವರನ್ನು ಕರೆದು, ರಣದಲ್ಲಿ ಮಡಿದ ಅರಸರಿಗೆ ಮಾತ್ರವಲ್ಲದೆ, ನಾನಾ ದೇಶಗಳಿಂದ ಬಂದು ತಮ್ಮವರೆಂಬವರು ಯಾರೂ ಇಲ್ಲದೆ ಬಿದ್ದಿದ್ದ ಸಾವಿರಾರು ಮಂದಿಗೂ ವಿಧಿವತ್ತಾಗಿ ಸಂಸ್ಕಾರವಾಗತಕ್ಕದ್ದೆಂದು ಆಜ್ಞಾಪಿಸಿದುದು. ಇನ್ನೊಂದು, ಗಂಗೆಯ ದಡದಲ್ಲಿ ಜಲತರ್ಪಣದ ಹೊತ್ತಿಗೆ ಕುಂತಿಯು ಅಷ್ಟು ಕಾಲ ಅಡಗಿಸಿಟ್ಟಿದ್ದ ಮಾತನ್ನು ಹೊರಗೆಡಹಿ, ಲೋಕವು ಸೂತಪುತ್ರನೆಂದು ತಿಳಿದಿದ್ದ ಕರ್ಣನು ನಿಮ್ಮ ಅಣ್ಣ, ಅವನಿಗೂ ನೀರು ಬಿಡಿ ಎಂದು ಮಕ್ಕಳಿಗೆ ಹೇಳಿದುದು. ಮೊದಲನೆಯದರಲ್ಲಿ ಹೆಸರು ತಿಳಿಯದವರಿಗೆ ರಾಜ್ಯವು ಸಲ್ಲಿಸಬೇಕಾದ ಋಣದ ಮಾತಿದೆ. ಎರಡನೆಯದರಲ್ಲಿ ಹೆಸರು ಬಲ್ಲವರು ಬಾಯಿ ಮುಚ್ಚಿಕೊಂಡಿದ್ದುದರ ಫಲವಿದೆ. ನಾನು ಇಂದು ಹೇಳಲಿರುವ ವೃತ್ತಾಂತಗಳು ಅಮೆರಿಕ ಆಸ್ಟ್ರೇಲಿಯಗಳಲ್ಲಿ, ನಮ್ಮ ಕಾಲದಲ್ಲಿ ನಡೆದವು. ಅವುಗಳಲ್ಲಿಯೂ ಸಮಸ್ಯೆ ಇದೇ.

ಸತ್ತವನಿಗೆ ತನ್ನ ಹೆಸರಿನಿಂದ ಇನ್ನೇನಾಗಬೇಕೆಂದು ಕೇಳುವವರುಂಟು. ಆತನಿಗೆ ಏನೂ ಆಗಬೇಕಾಗಿಲ್ಲದಿರಬಹುದು. ಆದರೆ ಮನೆಯಿಂದ ಹೊರಟುಹೋದವನು ಸತ್ತನೆಂದೂ ಬದುಕಿದ್ದಾನೆಂದೂ ತಿಳಿಯದೆ ಉಳಿದವರ ಪಾಡು, ಸತ್ತ ಸುದ್ದಿ ಬಂದವರ ಪಾಡಿಗಿಂತ ಕಠಿನವೆಂಬುದನ್ನು ನಮ್ಮ ಧರ್ಮಶಾಸ್ತ್ರಕಾರರು ಚೆನ್ನಾಗಿ ಅರಿತಿದ್ದರು. ದೇಶಾಂತರ ಹೋದವನ ಸುದ್ದಿ ಹನ್ನೆರಡು ವರ್ಷ ಬಾರದಿದ್ದರೆ ದರ್ಭೆಯಿಂದಲೋ ಪಲಾಶದಿಂದಲೋ ಅವನ ಪ್ರತಿಕೃತಿಯನ್ನು ಮಾಡಿ ದಹಿಸಿ, ಮುಂದಿನ ಕರ್ಮಗಳನ್ನು ನಡೆಸಬಹುದೆಂದು ಅವರು ವಿಧಿಸಿದುದು ಆ ಅನಿಶ್ಚಯಕ್ಕೆ ಒಂದು ಎಲ್ಲೆಯನ್ನು ಕಟ್ಟುವುದಕ್ಕಾಗಿಯೆ. ಇಂದಿನ ನಮ್ಮ ಸಾಕ್ಷ್ಯ ಕಾನೂನು ಅದನ್ನು ಏಳು ವರ್ಷಕ್ಕೆ ಇಳಿಸಿದೆ. ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಯಾವ ಸುದ್ದಿಯೂ ಬಾರದಿದ್ದರೆ, ಬದುಕಿದ್ದಾನೆನ್ನುವವರೇ ಅದನ್ನು ರುಜುವಾತುಪಡಿಸಬೇಕು. ಕಾನೂನಿನ ಊಹೆಯಿಂದ ಆಸ್ತಿಯ ಖಾತೆ ಬದಲಾದೀತು. ತಾಯಿಯ ಮನಸ್ಸು ಸಮಾಧಾನವಾಗಲಾರದು.

ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯಾಯಾಡಳಿತ ಇಲಾಖೆಗೆ ಸೇರಿದ ಸಂಶೋಧನ ಸಂಸ್ಥೆಯ ಅಂದಾಜಿನಂತೆ ಆ ದೇಶದಲ್ಲಿ ವರ್ಷಕ್ಕೆ ಸುಮಾರು 4,400 ಗುರುತು ತಿಳಿಯದ ಶವಗಳು ದೊರೆಯುತ್ತವೆ. ಅವುಗಳಲ್ಲಿ ಸುಮಾರು 1,000 ಶವಗಳು ವರ್ಷ ಕಳೆದರೂ ಹೆಸರಿಲ್ಲದೆಯೆ ಉಳಿಯುತ್ತವೆ. ಗಂಡಾದರೆ ಜಾನ್ ಡೋ, ಹೆಣ್ಣಾದರೆ ಜೇನ್ ಡೋ ಎಂಬ ಕಲ್ಪಿತ ನಾಮದಿಂದ ಕಡತದಲ್ಲಿ ನಮೂದಾಗಿ, ಕಡತವು ಕಪಾಟಿಗೆ ಸೇರಿ, ಅದನ್ನು ಬರೆದ ಅಧಿಕಾರಿಯು ನಿವೃತ್ತನಾಗಿ, ಮತ್ತೊಬ್ಬನು ಬಂದು, ಅವನೂ ಹೋಗಿ, ಕೊನೆಗೆ ಆ ಮೃತನ ವಿಷಯವನ್ನು ನೆನಪಿನಲ್ಲಿಟ್ಟುಕೊಂಡವರು ಆ ಊರಿನ ನಾಲ್ಕಾರು ಮುದುಕರು ಮಾತ್ರವೆಂಬ ಸ್ಥಿತಿ ಒದಗುತ್ತದೆ. ಈ ಹಂತದಲ್ಲಿ ಪ್ರವೇಶಿಸುವವರು, ಸರ್ಕಾರದ ಸಂಬಳವಿಲ್ಲದ, ಅಧಿಕಾರವಿಲ್ಲದ, ಯಾರೂ ಕರೆಯದಿದ್ದರೂ ತಾವಾಗಿ ಬರುವ ಹವ್ಯಾಸಿಗಳು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದ ನಮ್ಮವರಿಗೆ ಪತ್ತೇದಾರನೆಂದರೆ ತೀಕ್ಷ್ಣಬುದ್ಧಿಯ ವೀರನೆಂಬ ಕಲ್ಪನೆಯಿದೆ. ನಾನು ಹೇಳುವವರು ಆ ಜಾತಿಯವರಲ್ಲ. ಇವರಲ್ಲಿ ಮುಖ್ಯನಾದವನು ಟೆನ್ನೆಸೀ ಪ್ರಾಂತದ ಒಬ್ಬ ಕಾರ್ಖಾನೆಯ ಕೆಲಸಗಾರ.

1968ನೆಯ ಇಸವಿ ಮೇ 17ರಂದು, ಕೆಂಟಕಿ ಪ್ರಾಂತದ ಜಾರ್ಜ್‌ಟೌನ್ ಎಂಬ ಪಟ್ಟಣದ ಪ್ರದೇಶದಲ್ಲಿ, ಬಾವಿ ಕೊರೆಯುವ ವೃತ್ತಿಯವನೊಬ್ಬನು ತಂತಿಕಂಬಗಳಿಂದ ಕಿತ್ತು ಬಿಸುಟಿದ್ದ ಗಾಜಿನ ಇನ್ಸುಲೇಟರುಗಳನ್ನು ಆಯುತ್ತ ಹೆದ್ದಾರಿಯ ಪಕ್ಕದಲ್ಲಿ ನಡೆಯುತ್ತಿದ್ದಾಗ, ಡೇರೆಯ ದಪ್ಪಬಟ್ಟೆಯಲ್ಲಿ ಸುತ್ತಿ ಹಗ್ಗದಿಂದ ಬಿಗಿದಿದ್ದ ಗಂಟೊಂದು ಅವನ ಕಣ್ಣಿಗೆ ಬಿತ್ತು. ಅದರಲ್ಲಿದ್ದುದು ಒಬ್ಬ ತರುಣಿಯ ಶವ. ವೈದ್ಯರು ಅವಳ ವಯಸ್ಸನ್ನು 16ರಿಂದ 19ರೊಳಗೆ ಎಂದು ನಿರ್ಣಯಿಸಿದರು. ಪತ್ರಿಕೆಯವರು ಅವಳಿಗೆ ‘ಟೆಂಟ್ ಗರ್ಲ್’ ಎಂದು ಹೆಸರಿಟ್ಟರು. ಪೊಲೀಸರ ಚಿತ್ರಕಾರನು ಅವಳ ಮುಖವನ್ನು ಊಹಿಸಿ ಬರೆದನು. ಯಾರೂ ಬಂದು ಇವಳು ನಮ್ಮವಳೆನ್ನಲಿಲ್ಲ. 1971ರಲ್ಲಿ ಅಲ್ಲಿಯ ಶ್ಮಶಾನದಲ್ಲಿ ಅವಳಿಗೊಂದು ಕಲ್ಲನ್ನು ನಿಲ್ಲಿಸಿ, ಅದರ ಮೇಲೆ ಆ ಮುಖವನ್ನೂ, ಅಂದಾಜಿನ ವಯಸ್ಸು, ಎತ್ತರ, ಕೂದಲಿನ ಬಣ್ಣ ಇವುಗಳನ್ನೂ ಕೆತ್ತಿಸಿದರು. ಸಮಾಧಿಯ ಕಲ್ಲು ಇದ್ದವರ ವಿಷಯವನ್ನು ಹೇಳುವುದು ಲೋಕರೂಢಿ. ಈ ಕಲ್ಲು ದಾರಿಹೋಕರನ್ನು ವಿಚಾರಿಸುವ ಪ್ರಕಟಣೆಯಾಗಿ ನಿಂತಿತು.

ಆ ಬಾವಿಯವನು ಮುಂದೆ ಟೆನ್ನೆಸೀಗೆ ಬಂದು ನೆಲೆಸಿದನು. 1987ರಲ್ಲಿ ಅವನ ಮಗಳ ಸ್ನೇಹಿತನಾಗಿ, ಅನಂತರ ಅಳಿಯನಾದ ಟಾಡ್ ಮ್ಯಾಥ್ಯೂಸ್ ಎಂಬ ಹುಡುಗನು ಮಾವನ ಬಾಯಿಂದ ಈ ಕಥೆಯನ್ನು ಕೇಳಿದನು. ಅವನಿಗಾಗ ಹದಿನೇಳರ ಸುಮಾರು ವಯಸ್ಸು. ತನ್ನ ಒಡಹುಟ್ಟಿದವರನ್ನು ಎಳವೆಯಲ್ಲಿಯೆ ಕಳೆದುಕೊಂಡ ಮನೆಯಿಂದ ಬಂದವನಾದುದರಿಂದಲೋ ಏನೊ, ಹೆಸರಿಲ್ಲದ ಆ ಸಮಾಧಿಯು ಅವನ ಮನಸ್ಸನ್ನು ಹಿಡಿಯಿತು. ದಿನದ ದುಡಿಮೆ ಮುಗಿದ ಮೇಲೆ ಹಳೆಯ ಪತ್ರಿಕೆಗಳನ್ನು ತಿರುವಿ, ಸಿಕ್ಕಿದವರನ್ನೆಲ್ಲ ವಿಚಾರಿಸಿ, ಕೈಯ ಹಣವನ್ನು ಪ್ರಯಾಣಕ್ಕೆ ಸುರಿದು ಅವನು ಹತ್ತು ವರ್ಷ ಕಳೆದನು. ಹೆಂಡತಿ ಬೇಸತ್ತುದುಂಟು, ನೆರೆಹೊರೆಯವರು ನಕ್ಕುದುಂಟು. ಫಲ ದೊರೆತದ್ದು 1998ರ ಮೊದಲಲ್ಲಿ, ಒಂದು ರಾತ್ರಿ. ಆರ್ಕನ್‌ಸಾ ಪ್ರಾಂತದ ಒಬ್ಬ ಹೆಂಗಸು, 1967ರ ಕೊನೆಯಲ್ಲಿ ಲೆಕ್ಸಿಂಗ್‌ಟನ್ ನಗರದಿಂದ ಕಾಣೆಯಾದ ತನ್ನ ಅಕ್ಕನ ಸುಳಿವು ಬಲ್ಲವರಿದ್ದರೆ ತಿಳಿಸಿರೆಂದು ಅಂತರ್ಜಾಲದಲ್ಲಿ ಹಾಕಿದ್ದ ಕೆಲವೇ ಪಂಕ್ತಿಗಳ ಪ್ರಕಟಣೆ ಅವನಿಗೆ ಕಂಡಿತು. ಲೆಕ್ಸಿಂಗ್‌ಟನ್ನಿಗೂ ಜಾರ್ಜ್‌ಟೌನಿಗೂ ಇರುವ ದೂರ ಸುಮಾರು 20 ಕಿಲೋಮೀಟರು. ಮಾರ್ಚಿಯಲ್ಲಿ ಸಮಾಧಿಯನ್ನು ತೆರೆದರು, ಏಪ್ರಿಲಿನಲ್ಲಿ ಡಿ.ಎನ್.ಎ. ಪರೀಕ್ಷೆಯು ಸಂದೇಹವನ್ನು ಕಳೆಯಿತು. ಡೇರೆಬಟ್ಟೆಯಲ್ಲಿದ್ದವಳು ಬಾರ್ಬರಾ ಆನ್ ಹ್ಯಾಕ್‌ಮನ್ ಟೇಲರ್. ಹದಿನಾರು ಹತ್ತೊಂಬತ್ತರ ಹುಡುಗಿಯಲ್ಲ, 24 ವರ್ಷದ ಗೃಹಿಣಿ, ಮಕ್ಕಳ ತಾಯಿ.

ಈ ವಯಸ್ಸಿನ ವ್ಯತ್ಯಾಸವನ್ನು ತಾವು ಲಘುವೆಂದೆಣಿಸಬಾರದು. ಕಡತದಲ್ಲಿ ಒಮ್ಮೆ 16ರಿಂದ 19 ಎಂದು ಬರೆದಮೇಲೆ, ಓಡಿಹೋದ ಶಾಲೆಯ ಹುಡುಗಿಯರನ್ನು ಹುಡುಕಿದವರು ಇದ್ದರೇ ಹೊರತು, ಮಕ್ಕಳನ್ನು ಬಿಟ್ಟು ಕಾಣೆಯಾದ ತಾಯಿಯನ್ನು ಹುಡುಕಿದವರಿಲ್ಲ. ಶವದೊಡನೆ ಒಂದು ಬಿಳಿಯ ಬಟ್ಟೆಯ ತುಂಡಿತ್ತು. ಅದನ್ನು ಸಾಮಾನ್ಯವಾದ ಕೈವಸ್ತ್ರವೆಂದು ಎಣಿಸಿದ್ದರು. ಅದು ಹಸುಗೂಸಿಗೆ ಕಟ್ಟುವ ಬಟ್ಟೆಯಾಗಿರಬಾರದೇಕೆ, ಇವಳೊಬ್ಬಳು ತಾಯಿಯಾಗಿರಬಾರದೇಕೆ ಎಂದು ಕೇಳಿದವನು ಮ್ಯಾಥ್ಯೂಸ್. ಅವನಿಗೆ ವೈದ್ಯಶಾಸ್ತ್ರ ತಿಳಿಯದು. ಬರೆದಿಟ್ಟುದನ್ನು ಮತ್ತೊಮ್ಮೆ ಕೇಳುವ ವ್ಯವಧಾನ ಅವನಿಗಿತ್ತು, ಅಷ್ಟೆ. ಬಾರ್ಬರಾ ಬೇರೊಬ್ಬನೊಡನೆ ಹೋದಳೆಂದು ಅವಳ ಗಂಡನು ಬಂಧುಗಳಿಗೆ ಹೇಳಿದ್ದನಂತೆ. ಆತನು ತೀರಿಕೊಂಡದ್ದು 1987ರಲ್ಲಿ, ಎಂದರೆ ಮ್ಯಾಥ್ಯೂಸನು ಈ ಕಥೆಯನ್ನು ಮೊದಲು ಕೇಳಿದ ವರ್ಷದಲ್ಲಿಯೆ. ಕೊಂದವರಾರೆಂಬುದನ್ನು ಯಾವ ನ್ಯಾಯಾಲಯವೂ ನಿರ್ಣಯಿಸಲಿಲ್ಲ.

ಹವ್ಯಾಸಿಯ ಸಾಧನೆ ಯಾವುದರಿಂದ ಸಿದ್ಧಿಸುತ್ತದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆಂದು ನನ್ನ ಅಭಿಪ್ರಾಯ. ಅದು ಬುದ್ಧಿಯ ಅತಿಶಯದಿಂದಲ್ಲ. ಪ್ರತಿಯೊಂದು ದೇಶದಲ್ಲಿಯೂ ಎರಡು ಪಟ್ಟಿಗಳಿರುತ್ತವೆ: ಕಾಣೆಯಾದವರದೊಂದು, ಗುರುತು ಹತ್ತದ ಮೃತರದೊಂದು. ಕಾಣೆಯಾದವನನ್ನು ಅವನು ಕಾಣೆಯಾದ ಊರಿನ ಠಾಣೆ ಬರೆದುಕೊಳ್ಳುತ್ತದೆ. ಸತ್ತವನನ್ನು ಅವನು ಸಿಕ್ಕಿದ ಊರಿನ ಠಾಣೆ ಬರೆದುಕೊಳ್ಳುತ್ತದೆ. ಅಮೆರಿಕದಲ್ಲಿ ಇಂಥ ಪೊಲೀಸ್ ಕಚೇರಿಗಳು 18,000ದಷ್ಟು. ಈ ಪಟ್ಟಿಯನ್ನು ಆ ಪಟ್ಟಿಯೊಡನೆ ಸರಿಹೋಲಿಸಿ ನೋಡುವುದು ಬಹುಕಾಲ ಯಾರ ಉದ್ಯೋಗವೂ ಆಗಿರಲಿಲ್ಲವಾದುದರಿಂದ, ಆ ನಡುವಣ ಸ್ಥಳದಲ್ಲಿ ಉದ್ಯೋಗವಿಲ್ಲದವನೊಬ್ಬನು ಹೋಗಿ ಕುಳಿತನು. ಬಾರ್ಬರಾಳ ವಿಷಯದಲ್ಲಿ ಒಂದು ಪಟ್ಟಿ ಶ್ಮಶಾನದ ಕಲ್ಲಿನ ಮೇಲಿತ್ತು. ಇನ್ನೊಂದು ತಂಗಿಯ ಮನಸ್ಸಿನಲ್ಲಿತ್ತು. 1999ರಲ್ಲಿ ಆರಂಭವಾದ ‘ಡೋ ನೆಟ್‌ವರ್ಕ್’ ಎಂಬ ಸ್ವಯಂಸೇವಕರ ಬಳಗವು ಈ ಹೋಲಿಕೆಯ ಕೆಲಸವನ್ನೇ ಕೈಗೆತ್ತಿಕೊಂಡಿತು. ಸರ್ಕಾರವು ಎಚ್ಚೆತ್ತು ಎರಡು ಪಟ್ಟಿಗಳನ್ನೂ ಒಂದೆಡೆ ತಂದು, ಸಾರ್ವಜನಿಕರೂ ನೋಡಬಹುದಾದ ‘ನೇಮಸ್’ ಎಂಬ ರಾಷ್ಟ್ರೀಯ ದಾಖಲೆಯನ್ನು ಕಟ್ಟಲು 2007ರಿಂದ 2009ರವರೆಗೆ ಹಿಡಿಯಿತು. ಮುಂದೆ ಮ್ಯಾಥ್ಯೂಸನು ಅದರಲ್ಲಿಯೇ ಉದ್ಯೋಗಿಯಾದನು. ಹವ್ಯಾಸಿಗಳು ತಮ್ಮ ಅಗತ್ಯವನ್ನೇ ಕಡಮೆಮಾಡಿಕೊಳ್ಳುವ ಹಾಗೆ ಕೆಲಸ ಮಾಡಿದರೆಂಬುದು ಅವರಿಗೆ ಸಲ್ಲಬೇಕಾದ ದೊಡ್ಡ ಪ್ರಶಂಸೆ.

ಇನ್ನೊಂದು ವೃತ್ತಾಂತವು ಆಸ್ಟ್ರೇಲಿಯದ್ದು. ಕನ್ನಡಿಗರಿಗೆ ಅದರಲ್ಲೊಂದು ವಿಶೇಷವಾದ ಆಸಕ್ತಿಯೂ ಇರಲು ಕಾರಣವಿದೆ. 1948ನೆಯ ಇಸವಿ ಡಿಸೆಂಬರ್ 1ರ ಬೆಳಗ್ಗೆ ಅಡಿಲೇಡ್ ನಗರದ ಸೋಮರ್‌ಟನ್ ಕಡಲತೀರದಲ್ಲಿ, ಗೋಡೆಗೆ ಒರಗಿದ ಭಂಗಿಯಲ್ಲಿ, ಚೆನ್ನಾಗಿ ಉಡುಪು ಧರಿಸಿದ್ದ ನಡುವಯಸ್ಸಿನವನೊಬ್ಬನ ಶವ ಸಿಕ್ಕಿತು. ಉಡುಪಿನ ಚೀಟಿಗಳಿರಲಿಲ್ಲ, ವಿಷದ ಸಂಶಯವಿತ್ತು, ವಿಷ ಕಾಣಲಿಲ್ಲ. ರೈಲುನಿಲ್ದಾಣದಲ್ಲಿ ಅವನು ಬಿಟ್ಟಿದ್ದ ಪೆಟ್ಟಿಗೆ ದೊರೆತಾಗ ಅದರೊಳಗಿನ ಕಂಠಪಟ್ಟಿಯ ಮೇಲೆ ‘ಟಿ. ಕೀನ್’ ಎಂಬ ಬರಹವಿತ್ತು. ಆ ಹೆಸರಿನವನಾರೂ ಕಾಣೆಯಾಗಿರಲಿಲ್ಲ. ತಿಂಗಳುಗಳು ಕಳೆದ ಮೇಲೆ ಅವನ ಷರಾಯಿಯ ಒಂದು ಗುಪ್ತ ಜೇಬಿನಲ್ಲಿ ಸುರುಳಿಯಾಗಿದ್ದ ಕಾಗದದ ಚೂರು ಸಿಕ್ಕಿತು. ಅದರಲ್ಲಿ ‘ತಮಾಮ್ ಶುದ್’ ಎಂದು, ಎಂದರೆ ಪಾರಸಿಯಲ್ಲಿ ಮುಗಿಯಿತೆಂದು, ಅಚ್ಚಾಗಿತ್ತು. ಅದು ಹರಿದು ಬಂದದ್ದು ಉಮರ್ ಖಯ್ಯಾಮನ ರುಬಾಯಿಗಳ ಫಿಟ್ಸ್‌ಜೆರಲ್ಡನ ಅನುವಾದದ ಕೊನೆಯ ಪುಟದಿಂದ. ಡಿ.ವಿ.ಜಿ.ಯವರು ‘ಉಮರನ ಒಸಗೆ’ಯೆಂದು ಕನ್ನಡಕ್ಕೆ ತಂದ ಕಾವ್ಯವೇ ಅದು. ಆ ಪುಸ್ತಕವೂ ಒಬ್ಬನ ಮೋಟಾರುಗಾಡಿಯಲ್ಲಿ ಎಸೆದಂತೆ ಬಿದ್ದಿತ್ತು. ಅದರ ಹಿಂಬದಿಯಲ್ಲಿ ಅರ್ಥವಾಗದ ಅಕ್ಷರಗಳ ಕೆಲವು ಸಾಲುಗಳಿದ್ದವು.

ಇಷ್ಟು ಸಾಮಗ್ರಿ ಸಿಕ್ಕಿದಮೇಲೆ ಊಹೆಗೆ ಕಡಿವಾಣವುಂಟೆ? ಅವನು ರಷ್ಯದ ಗೂಢಚಾರನಾದನು, ಅಕ್ಷರಗಳು ಸಂಕೇತಲಿಪಿಯಾದವು, ಪ್ರಣಯದ ಕಥೆಗಳು ಹುಟ್ಟಿದವು. ಅಡಿಲೇಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ತಂತ್ರದ ಪ್ರಾಧ್ಯಾಪಕರಾದ ಡೆರೆಕ್ ಆಬಟ್ ಎಂಬವರು ಹತ್ತು ವರ್ಷಕ್ಕೂ ಮಿಕ್ಕಿ ಈ ಪ್ರಕರಣದ ಹಿಂದೆ ಬಿದ್ದರು. ವಿದ್ವಾಂಸರಾದರೂ ಅಪರಾಧಶೋಧನೆಯಲ್ಲಿ ಅವರೂ ಹವ್ಯಾಸಿಯೆ. ಪುಸ್ತಕದಲ್ಲಿ ಯಾರ ದೂರವಾಣಿ ಸಂಖ್ಯೆಯಿತ್ತೋ ಆ ದಾದಿಯ ಮಗನು ಈ ಅಜ್ಞಾತನಿಗೆ ಹುಟ್ಟಿದವನಿರಬಹುದೆಂದು ಅವರು ಮೊದಲು ಊಹಿಸಿದ್ದರು. ಆ ವಂಶದವರನ್ನು ವಿಚಾರಿಸುತ್ತ ಹೋದವರು ಕೊನೆಗೆ ದಾದಿಯ ಮೊಮ್ಮಗಳನ್ನೇ ಮದುವೆಯಾದರು. ಸಂಶೋಧನೆಯಿಂದ ಕನ್ಯಾರ್ಥಿಗೆ ಕನ್ಯೆ ದೊರೆತ ನಿದರ್ಶನ ಬೇರೆ ನನಗೆ ತಿಳಿಯದು. 1949ರಲ್ಲಿ ಹೂಳುವುದಕ್ಕೆ ಮುಂಚೆ ಪೊಲೀಸರು ಶವದ ತಲೆ ಎದೆಗಳ ಅಚ್ಚನ್ನು ಗಾರೆಯಲ್ಲಿ ತೆಗೆಸಿದ್ದರು. ಆ ಗಾರೆಯಲ್ಲಿ ಸಿಕ್ಕಿಕೊಂಡಿದ್ದ ಕೆಲವು ಕೂದಲುಗಳೇ ಆಬಟ್ಟರಿಗೆ ಆಧಾರವಾದವು. ಭೌತಶಾಸ್ತ್ರದಿಂದ ವಂಶಾವಳಿಯ ಶಾಸ್ತ್ರಕ್ಕೆ ಬಂದ ಕಾಲೀನ್ ಫಿಟ್ಸ್‌ಪ್ಯಾಟ್ರಿಕ್ ಅವರೊಡನೆ ಸೇರಿ, ಸುಮಾರು 4,000 ಹೆಸರುಗಳ ವಂಶವೃಕ್ಷವನ್ನು ಕಟ್ಟಿ, 2022ರ ಜುಲೈಯಲ್ಲಿ ಅವರು ಪ್ರಕಟಿಸಿದ ಹೆಸರು ಕಾರ್ಲ್ ವೆಬ್ ಎಂಬುದು. 1905ರಲ್ಲಿ ಮೆಲ್ಬರ್ನಿನಲ್ಲಿ ಹುಟ್ಟಿದ, ವಿದ್ಯುದುಪಕರಣಗಳನ್ನು ತಯಾರಿಸುತ್ತಿದ್ದ, ಕುದುರೆಯ ಜೂಜಿನಲ್ಲಿಯೂ ಕವಿತೆಯಲ್ಲಿಯೂ ಅಭಿರುಚಿಯಿದ್ದ ಸಾಧಾರಣ ಗೃಹಸ್ಥ. ‘ಟಿ. ಕೀನ್’ ಎಂಬುದು ಅವನ ಸೋದರಿಯ ಗಂಡನ ಹೆಸರು. ಕಂಠಪಟ್ಟಿ ಬಹುಶಃ ಭಾವನಿಂದ ಬಂದದ್ದು. ಆಬಟ್ಟರ ಮೊದಲಿನ ಊಹೆ, ತಮ್ಮ ಹೆಂಡತಿಯ ವಂಶಕ್ಕೆ ಸಂಬಂಧಿಸಿದ್ದು, ಅವರ ಸ್ವಂತ ಪರೀಕ್ಷೆಯಿಂದಲೇ ಬಿದ್ದುಹೋಯಿತು. ಅದನ್ನು ಅವರು ಮರೆಮಾಚಲಿಲ್ಲ. ದಕ್ಷಿಣ ಆಸ್ಟ್ರೇಲಿಯದ ಪೊಲೀಸರಾದರೋ, 2021ರಲ್ಲಿ ಶವವನ್ನು ತಾವೇ ಹೊರತೆಗೆಸಿದ್ದವರು, ಈ ಹೆಸರಿಗೆ ಆ ಕೂಡಲೆ ತಮ್ಮ ಮುದ್ರೆಯನ್ನು ಒತ್ತಲಿಲ್ಲ.

ಈ ವೃತ್ತಾಂತದಲ್ಲಿ ನನ್ನನ್ನು ಬಹಳವಾಗಿ ಕಾಡುವುದು ಪಾರಸಿಯ ಆ ಚೂರಲ್ಲ. 1947ರಲ್ಲಿ ಮನೆ ಬಿಟ್ಟುಹೋದ ವೆಬ್ಬನ ಮೇಲೆ ಅವನ ಹೆಂಡತಿಯು 1951ರಲ್ಲಿ, ಪರಿತ್ಯಾಗದ ಕಾರಣದಿಂದ ವಿಚ್ಛೇದನವನ್ನು ಬೇಡಿ ನ್ಯಾಯಾಲಯಕ್ಕೆ ಹೋದಳು. ಆ ವೇಳೆಗೆ ಅವನು ಅಡಿಲೇಡಿನ ಮಣ್ಣಿನಲ್ಲಿ ಎರಡು ವರ್ಷಕ್ಕೆ ಮಿಕ್ಕಿ ಮಲಗಿದ್ದನು. ಒಂದು ನಗರದಲ್ಲಿ ಹೆಸರಿಲ್ಲದ ದೇಹ. ಇನ್ನೊಂದರಲ್ಲಿ ದೇಹವಿಲ್ಲದ ಹೆಸರು. ಆ ಹೆಸರಿಗೆ ನ್ಯಾಯಾಲಯದ ಕರೆ. ಕಾಣೆಯಾದವರ ಪಟ್ಟಿಯಲ್ಲಿ ವೆಬ್ಬನು ಇರಲೇ ಇಲ್ಲ, ಏಕೆಂದರೆ ಅವನು ಹೋದದ್ದರಿಂದ ಯಾರಿಗೂ ಆಶ್ಚರ್ಯವಾಗಿರಲಿಲ್ಲ. ಗೂಢಚಾರರ ಕಥೆ ಕಟ್ಟಿದವರು ಅಸಾಧಾರಣವಾದುದನ್ನು ಹುಡುಕುತ್ತ, ಸಂಸಾರದ ವೈಮನಸ್ಯವೆಂಬ ಸಾಧಾರಣವಾದ ಕಾರಣವನ್ನು ಎಣಿಕೆಗೆ ತಂದುಕೊಳ್ಳಲಿಲ್ಲ.

ಈಗ ಈ ವಂಶಾವಳಿಯ ಉಪಾಯವನ್ನು ಸ್ವಲ್ಪ ವಿವರಿಸಬೇಕು. ಅಮೆರಿಕದ ಪೊಲೀಸರ ಡಿ.ಎನ್.ಎ. ಭಂಡಾರವು ವಂಶತಂತುವಿನ 20 ಸ್ಥಾನಗಳನ್ನು ಮಾತ್ರ ಹೋಲಿಸುತ್ತದೆ. ಇವನು ಅವನೇ ಅಹುದೆ, ಇವಳು ಅವನ ತಾಯಿಯೆ ಎಂಬ ಪ್ರಶ್ನೆಗೆ ಅಷ್ಟು ಸಾಕು. ತಮ್ಮ ಪೂರ್ವಿಕರು ಯಾರೆಂದು ತಿಳಿಯುವ ಕುತೂಹಲದಿಂದ ಜನರು ಹಣ ಕೊಟ್ಟು ಮಾಡಿಸಿಕೊಳ್ಳುವ ಪರೀಕ್ಷೆಯಾದರೊ ಲಕ್ಷಗಟ್ಟಲೆ ಸ್ಥಾನಗಳನ್ನು ಓದುತ್ತದೆ. ಅದರಿಂದ ದೂರದ ಬಂಧುತ್ವವೂ ಕಾಣುತ್ತದೆ. ಅಣ್ಣತಮ್ಮಂದಿರ ಮಕ್ಕಳು ಪರಸ್ಪರ ಹಂಚಿಕೊಂಡಿರುವುದು ಸರಾಸರಿ ಶೇಕಡ 12.5 ಭಾಗ, ಆ ಮಕ್ಕಳ ಮಕ್ಕಳು ಶೇಕಡ 3.1ರಷ್ಟು, ಮುಂದಿನ ತಲೆಮಾರಿನವರು ಶೇಕಡ ಒಂದಕ್ಕೂ ಕಡಮೆ. ಇಂಥ ದೂರದ ಇಬ್ಬರು ಮೂವರು ಬಂಧುಗಳು ಗೊತ್ತಾದರೆ, ಅವರ ಮುತ್ತಜ್ಜ ಮುತ್ತಜ್ಜಿಯರವರೆಗೆ ಮೇಲಕ್ಕೆ ಹೋಗಿ, ಅಲ್ಲಿಂದ ಪ್ರತಿಯೊಂದು ಕವಲಿನಲ್ಲಿಯೂ ಕೆಳಗಿಳಿದು, ಕಾಣದಾದವರಾರೆಂದು ನೋಡಬೇಕು. ಮದುವೆಯ ಚಪ್ಪರದಲ್ಲಿ ನಮ್ಮ ಮುದುಕಿಯರು ಹೊಸಬನನ್ನು ಕೂರಿಸಿಕೊಂಡು, ಯಾವೂರು, ಯಾರ ಪೈಕಿ, ತಾಯಿಯ ತೌರು ಯಾವುದು ಎಂದು ಕೇಳುತ್ತ ಮೂರನೆಯ ಪ್ರಶ್ನೆಗೆ ಸಂಬಂಧವನ್ನು ಹಚ್ಚಿಬಿಡುವುದನ್ನು ಬಲ್ಲವರಿಗೆ ಈ ವಿದ್ಯೆ ತೀರ ಹೊಸದೆನಿಸದು. ಆದರೆ ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ತರುವ ನಮ್ಮ ಸಂಪ್ರದಾಯವು ಈ ಗಣಿತವನ್ನು ಕೆಡಿಸುತ್ತದೆ. ಹಲವು ದಾರಿಗಳಿಂದ ಬಂಧುಗಳಾದವರು ಇರುವುದಕ್ಕಿಂತ ಹತ್ತಿರದವರಾಗಿ ತೋರುತ್ತಾರೆ.

ಫಿಟ್ಸ್‌ಪ್ಯಾಟ್ರಿಕ್ ಅವರೂ, ಗಣಕಯಂತ್ರದ ಕೆಲಸದಿಂದ ನಿವೃತ್ತರಾಗಿ ಪತ್ತೇದಾರಿ ಕಾದಂಬರಿಗಳನ್ನೂ ಬರೆದಿದ್ದ ಮಾರ್ಗರೆಟ್ ಪ್ರೆಸ್ ಅವರೂ 2017ರಲ್ಲಿ ‘ಡಿ.ಎನ್.ಎ. ಡೋ ಪ್ರಾಜೆಕ್ಟ್’ ಎಂಬ ಸ್ವಯಂಸೇವಕ ಸಂಸ್ಥೆಯನ್ನು ತೆರೆದರು. ಒಹಾಯೋ ಪ್ರಾಂತದಲ್ಲಿ 1981ರ ಏಪ್ರಿಲ್ 24ರಂದು ಜಿಂಕೆಯ ಚರ್ಮದ ಮೇಲಂಗಿ ತೊಟ್ಟು ಬಿದ್ದಿದ್ದ ತರುಣಿಯ ರಕ್ತವನ್ನು ಯಾರೋ ಪುಣ್ಯವಂತರು ಕಾದಿರಿಸಿದ್ದರು. 37 ವರ್ಷ ಪೊಲೀಸರಿಗೆ ದಕ್ಕದ ಆಕೆಯ ಹೆಸರು, ರಕ್ತದ ವಿವರವು ವಂಶಾವಳಿಯ ಭಂಡಾರಕ್ಕೆ ಸೇರಿದ ಮೇಲೆ ಕೆಲವೇ ಗಂಟೆಗಳಲ್ಲಿ ಈ ಸ್ವಯಂಸೇವಕರ ಕೈಗೆ ಬಂದಿತು: ಆರ್ಕನ್‌ಸಾದ 21 ವರ್ಷದ ಮಾರ್ಷಿಯಾ ಕಿಂಗ್. ಮಗಳು ಎಂದಾದರೂ ಕರೆದಾಳೆಂದು ಆಕೆಯ ತಾಯಿ ಅಷ್ಟು ವರ್ಷವೂ ಮನೆಯನ್ನೂ ದೂರವಾಣಿಯ ಸಂಖ್ಯೆಯನ್ನೂ ಬದಲಿಸದೆ ಇದ್ದಳು.

ಹೊಸ ವಿದ್ಯೆ ಬಂದಮೇಲೆ ಹಳೆಯ ರೀತಿಯ ಹವ್ಯಾಸಿಗೆ ಕೆಲಸವಿಲ್ಲವಾಯಿತೆಂದು ಭಾವಿಸುವುದು ಅವಸರವಾದೀತು. ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಬೇರ್ ಬ್ರುಕ್ ಕಾಡಿನ ಅಂಚಿನಲ್ಲಿ ಎರಡು ಪೀಪಾಯಿಗಳಲ್ಲಿ, ಒಂದು 1985ರಲ್ಲಿ, ಇನ್ನೊಂದು 2000ದಲ್ಲಿ, ಒಬ್ಬ ಹೆಂಗಸಿನ ಮತ್ತು ಮೂವರು ಹೆಣ್ಣುಮಕ್ಕಳ ಅವಶೇಷಗಳು ದೊರೆತಿದ್ದವು. ವಿಜ್ಞಾನಿಗಳು ಬುಡವಿಲ್ಲದ ಕೂದಲಿನಿಂದ ಡಿ.ಎನ್.ಎ. ತೆಗೆಯುವ ಹೊಸ ವಿಧಾನವನ್ನು ಅನ್ವಯಿಸುತ್ತಿದ್ದ ಕಾಲದಲ್ಲಿಯೆ, ಕನೆಕ್ಟಿಕಟ್ಟಿನ ಗ್ರಂಥಪಾಲಿಕೆ ರೆಬೆಕಾ ಹೀತ್ ಎಂಬಾಕೆಯು ಬಂಧುಗಳನ್ನು ಅರಸುವವರು ಬರೆದಿಟ್ಟ ಹಳೆಯ ವಿಚಾರಣೆಗಳನ್ನು ಓದುತ್ತ, ಅವುಗಳಲ್ಲೊಂದರ ಮೇಲೆ ಕೈಯಿಟ್ಟು, ನಾಲ್ವರಲ್ಲಿ ಮೂವರ ಹೆಸರನ್ನು ಕಂಡುಹಿಡಿದು ತನಿಖೆಯವರಿಗೆ ತಿಳಿಸಿದಳು. 2019ರ ಜೂನಿನಲ್ಲಿ ಎರಡು ದಾರಿಗಳೂ ಒಂದೇ ನಿರ್ಣಯದಲ್ಲಿ ಕೂಡಿದುವು. ನಾಲ್ಕನೆಯ ಮಗು ಕೊಲೆಗಾರನದೇ. ಅದರ ಹೆಸರು ತಿಳಿಯಲು 2025ರವರೆಗೆ ಕಾಯಬೇಕಾಯಿತು.

ಇಲ್ಲಿಯವರೆಗೆ ಗುಣಪಕ್ಷವನ್ನು ಹೇಳಿದೆನು. ದೋಷಪಕ್ಷ ಸಣ್ಣದಲ್ಲ. 2013ರ ಏಪ್ರಿಲಿನಲ್ಲಿ ಬಾಸ್ಟನ್ ನಗರದ ಓಟದ ಪಂದ್ಯದಲ್ಲಿ ಬಾಂಬು ಸಿಡಿದಾಗ, ಚಿತ್ರಗಳನ್ನು ಹೋಲಿಸಲು ಕುಳಿತ ಅಸಂಖ್ಯ ಹವ್ಯಾಸಿಗಳು, ಅದಕ್ಕೆ ಒಂದು ತಿಂಗಳ ಹಿಂದಿನಿಂದ ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯನ್ನು ಅಪರಾಧಿಯೆಂದು ಸಾರಿಬಿಟ್ಟರು. ಮಗನನ್ನು ಹುಡುಕುತ್ತಿದ್ದ ಮನೆಯವರಿಗೆ ರಾತ್ರಿಯೆಲ್ಲ ಬೈಗುಳಗಳು ಬಂದವು. ಕೆಲವು ದಿನಗಳ ಮೇಲೆ ಆ ನಿರಪರಾಧಿಯ ಶವವೇ ನೀರಿನಲ್ಲಿ ಸಿಕ್ಕಿತು. ಕಾಣೆಯಾದವರ ಪಟ್ಟಿಯನ್ನು ಮೃತರ ಪಟ್ಟಿಯೊಡನೆ ಹೋಲಿಸುವ ಅದೇ ಅಭ್ಯಾಸವು, ಅಪರಾಧಿಗಳ ಪಟ್ಟಿಯೊಡನೆ ಹೋಲಿಸತೊಡಗಿದ ಕೂಡಲೆ ಎಷ್ಟು ಕ್ರೂರವಾಗಬಲ್ಲುದು! ನನ್ನ ದೃಷ್ಟಿಯಲ್ಲಿ ಗೆರೆಯನ್ನು ಎಳೆಯಬೇಕಾದದ್ದು ಇಲ್ಲಿಯೆ. ಸತ್ತವರ ಹೆಸರನ್ನು ಹುಡುಕುವಲ್ಲಿ ತಪ್ಪಿದರೆ ಒಂದು ಪರೀಕ್ಷೆ ವ್ಯರ್ಥವಾಗುತ್ತದೆ; ಕೊಂದವರ ಹೆಸರನ್ನು ಸಾರುವಲ್ಲಿ ತಪ್ಪಿದರೆ ಬದುಕಿರುವ ಒಬ್ಬನು ಹಾಳಾಗುತ್ತಾನೆ. ಮೊದಲನೆಯದು ಹವ್ಯಾಸಿಗೆ ತಕ್ಕ ಕೆಲಸ, ಎರಡನೆಯದು ನ್ಯಾಯಾಲಯದ್ದು.

ಸಮ್ಮತಿಯ ಪ್ರಶ್ನೆಯೂ ಉಂಟು. ಒಬ್ಬನು ತನ್ನ ಎಂಜಲನ್ನು ಪರೀಕ್ಷೆಗೆ ಕಳುಹಿಸಿದರೆ ಅವನು ಮುಖವನ್ನೇ ಕಾಣದ ನೂರಾರು ದಾಯಾದಿಗಳ ಗುಟ್ಟೂ ಅದರೊಡನೆ ಹೋಗುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯದ ಒಬ್ಬ ಹಂತಕನನ್ನು ಹೀಗೆ ಹಿಡಿದಮೇಲೆ, ಹವ್ಯಾಸಿಗಳಿಗೆಂದು ಇಬ್ಬರು ಗೃಹಸ್ಥರು ಕಟ್ಟಿದ್ದ ‘ಜೆಡ್‌ಮ್ಯಾಚ್’ ಎಂಬ ಭಂಡಾರವು 2019ರ ಮೇಯಲ್ಲಿ ನಿಯಮವನ್ನು ಬದಲಿಸಿ, ಸ್ಪಷ್ಟವಾಗಿ ಒಪ್ಪಿದವರ ವಿವರಗಳನ್ನು ಮಾತ್ರ ಪೊಲೀಸರಿಗೆ ತೋರಿಸುವುದಾಗಿ ಹೇಳಬೇಕಾಯಿತು. ಮೃತನ ಮನೆಯವರ ಇಚ್ಛೆಯೂ ಗಣನೀಯ. ವಾಷಿಂಗ್‌ಟನ್ ಪ್ರಾಂತದ ಒಂದು ವಸತಿಗೃಹದಲ್ಲಿ 2001ರ ಸೆಪ್ಟೆಂಬರಿನಲ್ಲಿ ಪ್ರಾಣ ಕಳೆದುಕೊಂಡ ಯುವಕನು, ಕಾದಂಬರಿಯೊಂದರ ಪಾತ್ರದ ಹೆಸರನ್ನು ಹೋಲುವ ‘ಲೈಲ್ ಸ್ಟೀವಿಕ್’ ಎಂಬ ಹೆಸರನ್ನು ವಹಿಯಲ್ಲಿ ಬರೆದಿದ್ದನು. ಹದಿನಾರು ವರ್ಷ ಎಷ್ಟೋ ಜನರು ಅವನ ನಿಜವಾದ ಹೆಸರಿಗಾಗಿ ತೊಳಲಿದರು. 2018ರ ಮೇಯಲ್ಲಿ ಸ್ವಯಂಸೇವಕರು ಅದನ್ನು ಕಂಡುಹಿಡಿದರು. ಅದನ್ನು ಬಹಿರಂಗಪಡಿಸಬೇಡಿರೆಂದು ಮನೆಯವರು ಕೇಳಿಕೊಂಡರು. ಕಂಡುಹಿಡಿದವರು ಅದರಂತೆಯೆ ನಡೆದರು. ಆ ಸಂಯಮವನ್ನು ನಾನು ಅವರ ಶೋಧಕ್ಕಿಂತ ಹೆಚ್ಚಿನದೆಂದು ಎಣಿಸುತ್ತೇನೆ.

ನಮ್ಮಲ್ಲಿ? ಪ್ರತಿದಿನದ ಪತ್ರಿಕೆಯ ಒಳಪುಟದಲ್ಲಿ ‘ಅಪರಿಚಿತ ಶವ ಪತ್ತೆ’ ಎಂಬ ನಾಲ್ಕು ಸಾಲುಗಳನ್ನು ತಾವೆಲ್ಲರೂ ಕಂಡಿದ್ದೀರಿ: ಸುಮಾರು 45 ವರ್ಷ, ದುಂಡುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸುವುದು. ಈ ಚಹರೆ ನಮ್ಮ ನಾಡಿನ ಲಕ್ಷಾಂತರ ಮಂದಿಗೆ ಒಪ್ಪುವಂಥದು. ಅಂಗಿಯ ಕಾಲರಿನಲ್ಲಿ ಹೊಲಿದಿರುವ ದರ್ಜಿಯ ಚೀಟಿ, ಕೈಮೇಲಣ ಹಚ್ಚೆ, ಹಲ್ಲಿನ ವಿಶೇಷ, ಹಿಂದೆ ಮುರಿದು ಕೂಡಿದ ಮೂಳೆ ಇವುಗಳನ್ನು ಬರೆದರಲ್ಲವೆ ದೂರದ ಓದುಗನಿಗೆ ನೆನಪು ಬರುವುದು? ಶವಮಹಜರು ಮಾಡಿದ ಅಧಿಕಾರಿಯ ಕಡತದಲ್ಲಿ ಅವು ಇರುತ್ತವೆ. ಪ್ರಕಟಣೆಗೆ ಬರುವ ಹೊತ್ತಿಗೆ ಉದುರಿಹೋಗುತ್ತವೆ. 2019ರಲ್ಲಿ ಲೋಕಸಭೆಯ ಮುಂದೆ ಬಂದ ಡಿ.ಎನ್.ಎ. ಮಸೂದೆಯಲ್ಲಿ ಕಾಣೆಯಾದವರಿಗೂ ಅಜ್ಞಾತ ಮೃತರಿಗೂ ಎರಡು ಸೂಚಿಗಳನ್ನಿಡುವ ವಿಧಿಯಿತ್ತು. ಅಪರಾಧಿಗಳ, ಆಪಾದಿತರ ಸೂಚಿಗಳನ್ನೂ ಅದೇ ಮಸೂದೆಯಲ್ಲಿ ಸೇರಿಸಿದ್ದರಿಂದ ಖಾಸಗಿತನದ ಆಕ್ಷೇಪಣೆಗಳು ಎದ್ದವು. ಅವು ನ್ಯಾಯವಾದ ಆಕ್ಷೇಪಣೆಗಳೇ. 2023ರ ಜುಲೈಯಲ್ಲಿ ಸರ್ಕಾರವು ಮಸೂದೆಯನ್ನು ಹಿಂತೆಗೆದುಕೊಂಡಿತು. ಆಕ್ಷೇಪಣೆ ಇದ್ದದ್ದು ಬದುಕಿರುವವರ ಪಟ್ಟಿಗಳ ವಿಷಯದಲ್ಲಿ. ಅವುಗಳ ಜೊತೆಗೆ ಮೃತರ ಪಟ್ಟಿಯನ್ನೂ ಕೈಬಿಟ್ಟುದು ಸರಿಯಲ್ಲ. ತಾವಾಗಿ ಬಂದು ಮಾದರಿ ಕೊಡುವ ತಂದೆತಾಯಿಗಳಿಗೂ ಹೆಸರಿಲ್ಲದ ಮೃತರಿಗೂ ಮಾತ್ರ ಅನ್ವಯಿಸುವ ಪ್ರತ್ಯೇಕವಾದ ಸಣ್ಣ ಕಾನೂನೊಂದನ್ನು ಮಾಡಲು ಯಾವ ಅಡ್ಡಿಯಿದೆಯೋ ನನಗೆ ಕಾಣದು.

ಕಾನೂನು ಬರುವವರೆಗೆ ಜನರು ಮಾಡಬಹುದಾದ ಕೆಲಸವೂ ಇದೆ. ಮಗಳು ಮನೆ ಬಿಟ್ಟುಹೋದಳೆಂದರೆ ಮಾನ ಹೋದೀತೆಂದು, ತಮ್ಮನು ಕುಡಿದು ಊರೂರು ಅಲೆಯುವವನೆಂದು, ಅತ್ತೆಗೆ ಅರುಳುಮರುಳಾಗಿತ್ತೆಂದು ದೂರನ್ನೇ ಕೊಡದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ದೂರಿಲ್ಲದವನ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಇಲ್ಲದ ಹೆಸರನ್ನು ಪೊಲೀಸರಾಗಲಿ ಹವ್ಯಾಸಿಗಳಾಗಲಿ ಯಾವ ಶವದೊಡನೆಯೂ ಹೋಲಿಸಲಾರರು. ಅಂಥವರು ತಮ್ಮ ಮನೆಯಲ್ಲಿಯೋ ಬಂಧುವರ್ಗದಲ್ಲಿಯೋ ಇದ್ದರೆ, ಎಷ್ಟು ವರ್ಷಗಳು ಕಳೆದಿದ್ದರೂ ಸರಿಯೆ, ಹಲ್ಲು ಕಾಣುವಂಥ ಒಂದು ಭಾವಚಿತ್ರವನ್ನೂ ಹಳೆಯ ಆಸ್ಪತ್ರೆಯ ಕಾಗದಗಳನ್ನೂ ತೆಗೆದುಕೊಂಡು ಠಾಣೆಗೆ ಹೋಗಿರಿ; ದೂರನ್ನು ಬರವಣಿಗೆಯಲ್ಲಿ ಕೊಡಿರಿ; ಅದರ ಪ್ರತಿಯನ್ನು ಕೇಳಿ ಪಡೆದುಕೊಂಡು ಮನೆಯಲ್ಲಿ ಜೋಪಾನವಾಗಿಡಿರಿ.